ಹೊಳೆ ದಡದ ಪ್ಲಾಸ್ಟಿಕ್ ಅಳೆಯುವುದು ಹೇಗೆ, ಅದು ಎಲ್ಲಿಂದ ಬಂತು ಎಂದು ಹಿಡಿಯುವುದು ಹೇಗೆ?

ಪ್ರಶ್ನೆ: ಕುಶಾಲನಗರ ಕಡೆಯ ಹತ್ತು ಹದಿನೈದು ಜನ ಸೇರಿ ವರ್ಷಕ್ಕೆ ಎರಡು ಸಲ ಕಾವೇರಿ ದಡ ಕ್ಲೀನ್ ಮಾಡುತ್ತೇವೆ. ಇಷ್ಟು ಮೂಟೆ ತೆಗೆದೆವು ಎಂದು ಫೋಟೋ ಹಾಕುತ್ತೇವೆ. ಮುಂದಿನ ಸಲ ಹೋದರೆ ಮತ್ತೆ ಅಷ್ಟೇ ಕಸ. ಟೂರಿಸ್ಟ್‌ಗಳದ್ದು ಎಂದು ಕೆಲವರು, ತೋಟದ ಲೈನ್ ಮನೆಗಳದ್ದು (ಕೆಲಸಗಾರರ ಸಾಲುಮನೆಗಳದ್ದು) ಎಂದು ಕೆಲವರು, ಎಲ್ಲಾ ಮೇಲಿನ ಊರುಗಳಿಂದ ತೇಲಿ ಬಂದದ್ದು ಎಂದು ಇನ್ನು ಕೆಲವರು. ಸಮುದ್ರ ತೀರದಲ್ಲಿ ಸಿಕ್ಕ ಪ್ಲಾಸ್ಟಿಕ್ ಎಲ್ಲಿಂದ ಬಂತು ಎಂದು ಲೆಕ್ಕ ಹಾಕಿ ಹೇಳುತ್ತಾರಂತೆ. ಅದೇ ಕೆಲಸ ನಾವು ಇಲ್ಲಿ ಮಾಡಬಹುದಾ? ನಮ್ಮ ಕಸ ನಿಜಕ್ಕೂ ಸಮುದ್ರ ಸೇರುತ್ತಾ?

ಉತ್ತರ: ಮಾಡಬಹುದು. ಖರ್ಚೂ ಜಾಸ್ತಿ ಇಲ್ಲ. ಉದ್ದದ ಅಳತೆ ಟೇಪು, ತೂಗು ಹಾಕುವ ಸಣ್ಣ ತಕ್ಕಡಿ, ಕೈಗವಸು, ಹಾಳೆ, ಪೆನ್ಸಿಲ್ ಇದ್ದರೆ ಸಾಕು. ಪೆನ್ನು ಬೇಡ, ನಮ್ಮ ಮಳೆಗೆ ಶಾಯಿ ನಿಲ್ಲುವುದಿಲ್ಲ.

ಮೊದಲು ನಿಮ್ಮ ಮೂಟೆ ಲೆಕ್ಕದ ಬಗ್ಗೆ ಹೇಳಿಬಿಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಲವತ್ತು ಮೂಟೆ ತೆಗೆದೆವು ಎಂದರೆ ನೀವು ಎಷ್ಟು ದುಡಿದಿರಿ ಎಂದು ಗೊತ್ತಾಗುತ್ತದೆ, ದಡದಲ್ಲಿ ಎಷ್ಟು ಕಸ ಇತ್ತು ಎಂದು ಗೊತ್ತಾಗುವುದಿಲ್ಲ. ಆ ದಿನ ಎಷ್ಟು ಜನ ಬಂದಿದ್ದರು, ಎಷ್ಟು ಹೊತ್ತು ಆಯ್ದರು, ಚೀಲ ಗೊಬ್ಬರದ್ದೋ ಅಕ್ಕಿಯದ್ದೋ, ಹಿಂದಿನ ರಾತ್ರಿ ಮಳೆ ಬಂದು ಕಸವೆಲ್ಲ ಕೆಸರು ಕುಡಿದಿತ್ತೋ, ಇದರಲ್ಲಿ ಒಂದು ಬದಲಾದರೂ ಮೂಟೆಯ ಸಂಖ್ಯೆ ಬದಲಾಗುತ್ತದೆ. ಈ ವರ್ಷ ನಲವತ್ತು, ಮುಂದಿನ ವರ್ಷ ಇಪ್ಪತ್ತು ಬಂದರೆ ಕಸ ಕಡಿಮೆ ಆಯಿತು ಎನ್ನುವ ಹಾಗಿಲ್ಲ. ಭಾನುವಾರ ಎಲ್ಲಾದರೂ ದೊಡ್ಡ ಮದುವೆ ಇದ್ದು ಅರ್ಧ ಜನ ಅಲ್ಲಿಗೆ ಹೋಗಿರಲೂಬಹುದು, ಅಲ್ವಾ?

ನಮ್ಮ ತೋಟಗಳಲ್ಲಿ ಮಳೆ ಅಳೆದು ಬರೆದಿಡುತ್ತಾರಲ್ಲ, ಹಾಗೆ ಅಳೆಯಬೇಕು. ಅದೇ ಜಾಗ, ಅದೇ ಹೊತ್ತು, ಅದೇ ಡಬ್ಬಿ, ಮಳೆ ಬಾರದ ದಿನವೂ ಸೊನ್ನೆ ಎಂದು ಬರೆಯುವುದು. ಅಜ್ಜನ ಕಾಲದ ಮಳೆ ಪುಸ್ತಕ ಇವತ್ತಿಗೂ ಉಪಯೋಗಕ್ಕೆ ಬರುವುದು ಇದೇ ಕಾರಣಕ್ಕೆ.

ಸಮುದ್ರ ತೀರದಲ್ಲಿ ಏನು ಮಾಡುತ್ತಾರೆ ನೋಡಿ. ಯುರೋಪಿನ ಅಟ್ಲಾಂಟಿಕ್ ಕಡೆಯ ದೇಶಗಳ ಓಸ್ಪಾರ್ ಎಂಬ ಒಪ್ಪಂದದಲ್ಲಿ ಬಳಸುವ ಪದ್ಧತಿ ಸರಳ. ತೀರದಲ್ಲಿ 100 ಮೀಟರ್ ಉದ್ದದ ಒಂದು ತುಂಡನ್ನು ಗುರುತು ಮಾಡುತ್ತಾರೆ. ನೀರಿನ ಅಂಚಿನಿಂದ ಹಿಂದೆ ಗಿಡಗಂಟಿ ಶುರುವಾಗುವ ತನಕ ಅಷ್ಟೂ ಜಾಗ ನಡೆದು ಸಿಕ್ಕಿದ್ದನ್ನೆಲ್ಲ ಎಣಿಸಿ, ಬಗೆ ಬಗೆಯಾಗಿ ಬರೆದು, ತೆಗೆದು ಹಾಕುತ್ತಾರೆ. ವರ್ಷಕ್ಕೆ ನಾಲ್ಕು ಸಲ, ಪ್ರತಿ ಸಲ ಅದೇ 100 ಮೀಟರ್. ಅವರ ಪಟ್ಟಿಯಲ್ಲಿ ನೂರಕ್ಕೂ ಮೇಲೆ ಬಗೆಗಳಿವೆ. ಸಮುದ್ರ, ಹವಾಮಾನ ನೋಡಿಕೊಳ್ಳುವ ಅಮೆರಿಕ ಸರ್ಕಾರದ ನೋವಾ ಸಂಸ್ಥೆಯ ಪದ್ಧತಿಯಲ್ಲಿ ಅದೇ 100 ಮೀಟರ್ ಒಳಗೆ 5 ಮೀಟರ್ ಅಗಲದ ನಾಲ್ಕು ಪಟ್ಟಿಗಳನ್ನು ಚೀಟಿ ಎತ್ತಿ ಆರಿಸಿ ಅಷ್ಟನ್ನೇ ಎಣಿಸುವುದೂ ಉಂಟು. ಕಸ ಸಿಕ್ಕಾಪಟ್ಟೆ ಇರುವ ಕಡೆ ಇದು ಅನುಕೂಲ. ಚೀಟಿ ಎತ್ತುವುದು ಯಾಕೆಂದರೆ ನಮ್ಮ ಕಣ್ಣು ತಾನಾಗಿ ಹೊಲಸು ಜಾಸ್ತಿ ಇರುವ ಕಡೆಗೇ ಹೋಗುತ್ತದೆ.

ಇಂಥ ಲೆಕ್ಕದ ಆಧಾರದ ಮೇಲೆ ಯುರೋಪಿಯನ್ ಒಕ್ಕೂಟ 2020ರಲ್ಲಿ ಒಂದು ಮಿತಿ ಇಟ್ಟಿತು: 100 ಮೀಟರ್ ತೀರಕ್ಕೆ 20 ವಸ್ತು, ಅದಕ್ಕಿಂತ ಜಾಸ್ತಿ ಇರಬಾರದು. ಈ 20 ಸರಾಸರಿ ಅಲ್ಲ. ಎಲ್ಲಾ ಎಣಿಕೆಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ಇಟ್ಟಾಗ ನಡುವೆ ಬರುವ ಸಂಖ್ಯೆ. ಒಂದು ಬಿರುಗಾಳಿ ದಿನ ಎರಡು ಸಾವಿರ ವಸ್ತು ಬಂದು ಬಿದ್ದರೆ ಸರಾಸರಿ ಹಾರಿಹೋಗುತ್ತದೆ, ನಡುವಿನ ಸಂಖ್ಯೆ ಅಷ್ಟಾಗಿ ಅಲ್ಲಾಡುವುದಿಲ್ಲ. ನೀವೂ ಹೀಗೇ ನಡುವಿನದ್ದನ್ನು ಬಳಸಿ. ಆಗಸ್ಟ್‌ನಲ್ಲಿ ನಮ್ಮ ಹೊಳೆ ಏನೇನು ತರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ.

ಇದನ್ನು ಕಾವೇರಿ ದಡಕ್ಕೆ ತರುವುದು ಕಷ್ಟವಿಲ್ಲ. ನೀರಿನ ಅಂಚಿನಿಂದ ಶುರು ಮಾಡಿ, ಕಳೆದ ಮಳೆಗಾಲದ ನೀರು ಎಲ್ಲಿ ತನಕ ಏರಿತ್ತೋ ಅಲ್ಲಿಗೆ ನಿಲ್ಲಿಸಿ. ಆ ಗೆರೆ ಹುಡುಕುವುದೂ ಸುಲಭ, ಬಿದಿರು ಮೆಳೆಗಳಲ್ಲಿ ಕವರು, ಚಿಂದಿ ಸಿಕ್ಕಿಕೊಂಡು ನೇತಾಡುತ್ತಿರುತ್ತದೆ. ನೇತಾಡುವುದನ್ನೂ ಎಣಿಸಿ, ಆದರೆ ಬೇರೆ ಕಾಲಮ್ಮಿನಲ್ಲಿ ಬರೆಯಿರಿ. ನೆಲದ ಮೇಲಿನದ್ದು ನಿನ್ನೆ ಮೊನ್ನೆ ಯಾರೋ ಎಸೆದದ್ದಿರಬಹುದು. ತಲೆ ಮೇಲೆ ನೇತಾಡುವುದನ್ನು ಎಸೆದವರು ಅಲ್ಲಿ ನಿಂತಿರಲಿಲ್ಲ, ಅದನ್ನು ಪ್ರವಾಹ ತಂದಿದೆ. ಅಲ್ಲೇ ನಿಮ್ಮ ಊರಿನ ಜಗಳದ ಅರ್ಧ ಉತ್ತರ ಸಿಗುತ್ತದೆ.

ಬಾಟಲಿ ಮುಚ್ಚಳಕ್ಕಿಂತ, ಅಂದರೆ ಸುಮಾರು 2.5 ಸೆಂಟಿಮೀಟರ್‌ಗಿಂತ ಸಣ್ಣದನ್ನು ಮೊದಲ ವರ್ಷ ಬಿಟ್ಟುಬಿಡಿ. ಒಂದು ಹಳೆಯ ಕವರು ಕೈಗೆ ತೆಗೆದುಕೊಂಡರೆ ನಲವತ್ತು ಚೂರಾಗುತ್ತದೆ. ಅದನ್ನು ಒಂದು ಎಂದು ಬರೆಯುತ್ತೀರೋ ನಲವತ್ತು ಎಂದೋ? ಮೊದಲೇ ತೀರ್ಮಾನ ಮಾಡಿ ಹಾಳೆಯ ಮೇಲೇ ಬರೆದಿಡಿ. ಸಂಖ್ಯೆ, ತೂಕ ಎರಡೂ ಬೇಕು. ಸಂಖ್ಯೆಯಲ್ಲಿ ಶಾಂಪೂ ಸ್ಯಾಶೆ ಗೆಲ್ಲುತ್ತದೆ, ತೂಕದಲ್ಲಿ ಒದ್ದೆ ಡೈಪರ್ ಮತ್ತು ಹಳೇ ಚಪ್ಪಲಿ. ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. ತೂಗುವ ಮುಂಚೆ ಕೆಸರು ಕೊಡವಿ ಒಂದು ದಿನ ಒಣಗಲು ಬಿಡಿ.

ಎಣಿಸುವವರ ಕಣ್ಣನ್ನೂ ಒಮ್ಮೆ ಪರೀಕ್ಷೆ ಮಾಡಬೇಕು. ಇಪ್ಪತ್ತು ಮುಚ್ಚಳಗಳಿಗೆ ಬಣ್ಣ ಹಚ್ಚಿ, ಎಣಿಸುವವರಿಗೆ ಗೊತ್ತಾಗದ ಹಾಗೆ ಜಾಗದಲ್ಲಿ ಹರಡಿ. ಹದಿನೈದು ವಾಪಸ್ ಬಂದರೆ ನಿಮ್ಮ ತಂಡ ನಾಲ್ಕರಲ್ಲಿ ಮೂರು ಪಾಲು ಕಾಣುತ್ತದೆ ಎಂದಾಯಿತು. ಕಪ್ಪು ನರ್ಸರಿ ಕವರು ಕಪ್ಪು ಮಣ್ಣಿನಲ್ಲಿ ಕಾಣುವುದೇ ಇಲ್ಲ, ನೀಲಿ ಮುಚ್ಚಳ ದೂರದಿಂದಲೇ ಕಾಣುತ್ತದೆ. ಹಾಗಾಗಿ ಬಣ್ಣ ಬೇರೆ ಬೇರೆ ಇರಲಿ.

ಈಗ ಎಲ್ಲರೂ ಬಿಟ್ಟುಬಿಡುವ ಒಂದು ವಿಷಯ. ಇವತ್ತು ದಡದಲ್ಲಿ ಇರುವ ಕಸ ಬೇರೆ, ದಿನವೂ ಬಂದು ಸೇರುವ ಕಸ ಬೇರೆ. ನಿಮ್ಮ ಮೊದಲ ಎಣಿಕೆಯಲ್ಲಿ ಸಿಗುವುದು ವರ್ಷಗಳಿಂದ ಕೂಡಿದ್ದು. ಅದರಲ್ಲಿ 2018, 2019ರ ಪ್ರವಾಹ ತಂದು ಹೂತ ಕಸವೂ ಇರಬಹುದು. ಅದನ್ನು ಪೂರ್ತಿ ತೆಗೆದು, ಹದಿನೈದು ದಿನ ಬಿಟ್ಟು ಹೋಗಿ ಎಣಿಸಿದರೆ ಆಗ ಸಿಗುವುದು ಹೊಸದಾಗಿ ಬಂದದ್ದು. ಎಲ್ಲಿಂದ ಬಂತು ಎಂದು ಹುಡುಕಲು ಬೇಕಾಗುವುದು ಈ ಹೊಸದು. ಇದೂ ಪೂರ್ತಿ ಸರಿ ಲೆಕ್ಕ ಕೊಡುವುದಿಲ್ಲ. ನಡುವೆ ಬಂದು ಗಾಳಿಗೆ, ನೀರಿಗೆ ಮತ್ತೆ ಹೊರಟುಹೋದದ್ದು ನಿಮ್ಮ ಎಣಿಕೆಗೆ ಸಿಗುವುದೇ ಇಲ್ಲ. ದಿನಾ ಎಣಿಸಿದರೆ ಬರುವ ಮೊತ್ತ, ತಿಂಗಳಿಗೊಮ್ಮೆ ಎಣಿಸಿದರೆ ಬರುವುದಕ್ಕಿಂತ ಯಾವಾಗಲೂ ಜಾಸ್ತಿ ಇರುತ್ತದೆ. ಅದಕ್ಕೇ ಅಂತರ ಒಂದೇ ಇಟ್ಟುಕೊಳ್ಳಿ. ಹದಿನೈದು ದಿನ ಎಂದರೆ ಹದಿನೈದೇ.

ಸರಿ, ಈಗ ನೀವು ಕಾಯುತ್ತಿರುವ ಪ್ರಶ್ನೆಗೆ ಬರೋಣ. ಯಾರದ್ದು?

ಒಂದು ಬಿಸ್ಕತ್ ಕವರು ಕೈಗೆ ಬಂತು ಎಂದರೆ ಅದಕ್ಕೆ ನಾಲ್ಕು ಊರುಗಳಿರುತ್ತವೆ. ತಯಾರಾದ ಊರು, ಮಾರಾಟವಾದ ಊರು, ಎಸೆದ ಜಾಗ, ಕೊನೆಗೆ ನಿಮಗೆ ಸಿಕ್ಕ ಜಾಗ. ಕವರಿನ ಮೇಲೆ ಬರೆದಿರುವುದು ಮೊದಲಿನದ್ದು ಮಾತ್ರ. ನಮಗೆ ಬೇಕಾದದ್ದು ಮೂರನೆಯದ್ದು. ಜನ ಎಡವುವುದು ಇಲ್ಲಿಯೇ. ಮಲಯಾಳಂ ಅಕ್ಷರ ಇರುವ ಪ್ಯಾಕೆಟ್ ಸಿಕ್ಕ ಕೂಡಲೇ ಕೇರಳದ ಟೂರಿಸ್ಟ್ ಎಂದುಬಿಡುತ್ತಾರೆ. ವಿರಾಜಪೇಟೆ ಅಂಗಡಿಗಳಿಗೆ ಎಷ್ಟು ಸಾಮಾನು ಇರಿಟ್ಟಿ ಕಡೆಯಿಂದ ಮಾಕುಟ್ಟ ಘಾಟಿ ಹತ್ತಿ ಬರುತ್ತದೆ ಎಂದು ಯೋಚಿಸಿ. ಆ ಚಿಪ್ಸ್ ತಿಂದವರು ಪಕ್ಕದ ಮನೆಯವರೇ ಇರಬಹುದು.

ಹಾಗೆಂದು ಕವರು ಓದುವುದನ್ನು ಬಿಡಬೇಡಿ, ಓದಲು ಕಲಿಯಬೇಕು ಅಷ್ಟೆ. ತಿನ್ನುವ ಸಾಮಾನಿನ ಪ್ಯಾಕೆಟ್ ಮೇಲೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆಯ ಸರ್ಕಾರಿ ಸಂಸ್ಥೆ) ಕೊಟ್ಟ ಲೈಸೆನ್ಸ್ ಸಂಖ್ಯೆ ಇರುತ್ತದೆ, 14 ಅಂಕಿ. ಅದರ ಎರಡನೇ ಮತ್ತು ಮೂರನೇ ಅಂಕಿ ಸೇರಿ ರಾಜ್ಯದ ಗುರುತು. ಕರ್ನಾಟಕಕ್ಕೆ 12, ಕೇರಳಕ್ಕೆ 13. ಕೇಂದ್ರದಿಂದ ಲೈಸೆನ್ಸ್ ಪಡೆದ ದೊಡ್ಡ ಕಂಪನಿಗಳಿಗೆ ಅಲ್ಲಿ 00 ಇರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಅದರ ಮುಂದಿನ ಎರಡು ಅಂಕಿ ಲೈಸೆನ್ಸ್ ಸಿಕ್ಕ ವರ್ಷ. ಅದನ್ನು ತಯಾರಾದ ವರ್ಷ ಎಂದು ಓದಬೇಡಿ. ಬಾರ್‌ಕೋಡ್ 890ರಿಂದ ಶುರುವಾದರೆ ಆ ಕಂಪನಿ ತನ್ನ ನಂಬರನ್ನು ಭಾರತದಲ್ಲಿ ಪಡೆದಿದೆ ಎಂದರ್ಥ, ಮಾಲು ಎಲ್ಲಿ ತಯಾರಾಯಿತು ಎಂದು ಅದು ಹೇಳುವುದಿಲ್ಲ.

ದೊಡ್ಡ ಬ್ರ್ಯಾಂಡ್‌ಗಳಿಗಿಂತ ಸಣ್ಣ ಬ್ರ್ಯಾಂಡ್‌ಗಳು ನಮಗೆ ಉಪಯೋಗ. ದೇಶದ ತುಂಬಾ ಸಿಗುವ ಚಿಪ್ಸ್ ಪ್ಯಾಕೆಟ್ ಎಲ್ಲಿ ಬೇಕಾದರೂ ಬಿದ್ದಿರುತ್ತದೆ. ಆದರೆ ಸೋಮವಾರಪೇಟೆಯ ಬೇಕರಿಯ ಬ್ರೆಡ್ ಕವರು, ಒಂದೇ ತಾಲೂಕಿಗೆ ಸಪ್ಲೈ ಮಾಡುವ ನೀರಿನ ಬಾಟಲಿ, ಬಟ್ಟೆ ಅಂಗಡಿಯ ಹೆಸರಿರುವ ಚೀಲ ಸಿಕ್ಕಿದರೆ ಅದನ್ನು ಜೋಪಾನವಾಗಿ ತೆಗೆದಿಡಿ, ಫೋಟೋ ತೆಗೆಯಿರಿ. ನಂದಿನಿ ಹಾಲಿನ ಪ್ಯಾಕೆಟ್ ಇನ್ನೊಂದು ಒಳ್ಳೆಯ ಸುಳಿವು. ಯಾವ ಹಾಲು ಒಕ್ಕೂಟದ್ದು ಎಂದು ಅದರ ಮೇಲೆ ಇರುತ್ತದೆ. ಕೊಡಗು ಹಾಸನ ಒಕ್ಕೂಟಕ್ಕೆ ಸೇರಿದ್ದು. ನಿಮ್ಮ ದಡದಲ್ಲಿ ಹಾಸನ ಒಕ್ಕೂಟದ ಪ್ಯಾಕೆಟ್ಟೇ ತುಂಬಿದ್ದರೆ ಅದು ಇಲ್ಲಿಯ ಅಡುಗೆಮನೆ, ಹೋಟೆಲ್, ಹೋಂಸ್ಟೇಗಳದ್ದು ಎನ್ನಬಹುದು. ಮೈಸೂರು ಒಕ್ಕೂಟದ್ದು ಅಥವಾ ಕೇರಳದ ಮಿಲ್ಮಾ ಪ್ಯಾಕೆಟ್ ಜಾಸ್ತಿ ಇದ್ದರೆ ಹೊರಗಿನಿಂದ ಬಂದು ಅಡುಗೆ ಮಾಡಿಕೊಂಡು ಹೋದವರ ಕಡೆ ಬೆರಳು ತೋರಿಸಬಹುದು. ಹಾಲಿನ ಪ್ಯಾಕೆಟ್ಟನ್ನು ಯಾರೂ ನೆನಪಿಗೆಂದು ಊರಿಂದೂರಿಗೆ ಹೊತ್ತು ತಿರುಗುವುದಿಲ್ಲ.

ತಾರೀಖು ನೋಡುವುದನ್ನು ಮರೆಯಬೇಡಿ. ದಕ್ಷಿಣ ಅಟ್ಲಾಂಟಿಕ್ ನಡುವೆ ಇನ್‌ಆಕ್ಸೆಸಿಬಲ್ ಎಂಬ ಜನವಿಲ್ಲದ ದ್ವೀಪ ಇದೆ. ಅಲ್ಲಿಗೆ ತೇಲಿ ಬರುವ ಬಾಟಲಿಗಳಲ್ಲಿ ಹೆಚ್ಚಿನವು ಏಷ್ಯಾದವು, ಅದರಲ್ಲೂ ಚೀನಾದವು. ಏಷ್ಯಾದ ನೆಲದಿಂದ ತೇಲಿ ಬಂದಿರಬೇಕು ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಸಂಶೋಧಕರು ತಳದ ತಾರೀಖು ನೋಡಿದರು. ಹೊಸದಾಗಿ ಬಂದ ಬಾಟಲಿಗಳಲ್ಲಿ ಬಹಳಷ್ಟು ತಯಾರಾಗಿ ಎರಡು ವರ್ಷವೂ ಆಗಿರಲಿಲ್ಲ. ಅಷ್ಟು ಬೇಗ ಅಷ್ಟು ದೂರ ತೇಲಿ ಬರಲು ಆಗುವುದಿಲ್ಲ. ಹಾಗಾದರೆ ಆ ದಾರಿಯಲ್ಲಿ ಹೋಗುವ ಹಡಗುಗಳಿಂದ ಎಸೆದದ್ದು ಎಂದು 2019ರಲ್ಲಿ ಬರೆದರು. ಒಂದು ತಾರೀಖು ಇಡೀ ಕತೆಯನ್ನೇ ತಿರುಗಿಸಿತು. ನಿಮ್ಮ ದಡದಲ್ಲಿ ಸಿಕ್ಕಿದ ಪ್ಯಾಕೆಟ್ ತಿಂಗಳ ಹಿಂದಿನದ್ದಾದರೆ ಯಾರೋ ಹತ್ತಿರದಲ್ಲಿ ಮೊನ್ನೆ ಎಸೆದದ್ದು. ಐದು ವರ್ಷದ ಹಿಂದಿನದ್ದಾದರೆ ಎಲ್ಲೋ ಹೂತಿದ್ದು ದಡ ಕುಸಿದಾಗ ಮೇಲೆ ಬಂದಿದೆ.

ಹೆಸರೇ ಇಲ್ಲದ ಕಸ ಇದ್ದೇ ಇರುತ್ತದೆ. 2018ರಿಂದ 2022ರ ತನಕ 84 ದೇಶಗಳಲ್ಲಿ ಸ್ವಯಂಸೇವಕರು ಆಯ್ದ 18 ಲಕ್ಷಕ್ಕೂ ಹೆಚ್ಚು ಪ್ಲಾಸ್ಟಿಕ್ ವಸ್ತುಗಳ ಲೆಕ್ಕದಲ್ಲಿ, ಬ್ರ್ಯಾಂಡ್ ಓದಲು ಸಿಕ್ಕಿದ್ದು ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಉಳಿದದ್ದು ಅಳಿಸಿಹೋದದ್ದು, ಚೂರಾದದ್ದು, ಮೊದಲಿಂದಲೂ ಹೆಸರಿಲ್ಲದ್ದು.

ಅಂಥ ಕಸಕ್ಕೆ ವಸ್ತುವೇ ಸಾಕ್ಷಿ. ಕಡಲಲ್ಲಿ ಬಲೆ, ಹಗ್ಗ, ತೇಲುಬುರುಡೆ ಸಿಕ್ಕಿದರೆ ಮೀನುಗಾರಿಕೆಯದ್ದು ಎನ್ನುತ್ತಾರೆ. ಕಿವಿಗೆ ಹಾಕುವ ಇಯರ್‌ಬಡ್ ಕಡ್ಡಿ ಸಾಲು ಸಾಲಾಗಿ ಸಿಕ್ಕಿದರೆ ಟಾಯ್ಲೆಟ್‌ಗೆ ಹಾಕಿ ನೀರು ಬಿಟ್ಟದ್ದು, ಒಳಚರಂಡಿ ದಾರಿ ಎಂದು ಹೇಳುತ್ತಾರೆ. ಕೊಡಗಿಗೆ ನಮ್ಮದೇ ಪಟ್ಟಿ ಬೇಕು. ಕಾಫಿ ಗಿಡದ ಕಪ್ಪು ನರ್ಸರಿ ಕವರು ಸಿಕ್ಕಿದರೆ ಅದು ತೋಟದ್ದೋ ನರ್ಸರಿಯದ್ದೋ, ಬೇರೆ ದಾರಿ ಇಲ್ಲ. ಅದೂ ಜೂನ್ ನಂತರ ಜಾಸ್ತಿ, ಗಿಡ ನೆಡುವಾಗ ಕವರು ಹರಿದು ಅಲ್ಲೇ ಬಿಡುತ್ತಾರಲ್ಲ. ಗೊಬ್ಬರದ ಚೀಲದ ಚಿಂದಿ, ಮೈಲುತುತ್ತದ ಪ್ಯಾಕೆಟ್, ಔಷಧಿ ಡಬ್ಬಿ, ಕಾಫಿ ಒಣಗಿಸುವ ಟಾರ್ಪಾಲಿನ ತುಂಡು ಇವೂ ತೋಟದ್ದೇ. ಇದನ್ನು ಹೇಳಿದರೆ ನಮ್ಮವರಲ್ಲಿ ಕೆಲವರಿಗೆ ಸಿಟ್ಟು ಬರುತ್ತದೆ. ಟೂರಿಸ್ಟ್ ಎಂದರೆ ಎಲ್ಲರಿಗೂ ಸಮಾಧಾನ.

ಆದರೆ ನೀರಿನ ಬಾಟಲಿ, ಪೇಪರ್ ಲೋಟ, ಊಟದ ತಟ್ಟೆ ಇವು ಯಾರದ್ದೂ ಆಗಬಹುದು. ಪಿಕ್‌ನಿಕ್‌ಗೆ ಬಂದವರದ್ದೂ ಆಗಬಹುದು, ಕಲ್ಯಾಣ ಮಂಟಪದ್ದೂ ಆಗಬಹುದು. ಅಂಥಲ್ಲಿ ಒಂದೇ ಕಡೆಗೆ ಹೊರಿಸಬೇಡಿ, ಹಂಚಿ. ತೀರದ ಕಸ ಅಳೆಯುವವರು ಒಂದು ಚಾರ್ಟ್ ಮಾಡುತ್ತಾರೆ. ಎಡಗಡೆ ವಸ್ತುಗಳು, ಮೇಲುಗಡೆ ಮೂಲಗಳು, ಪ್ರತಿ ಮನೆಯಲ್ಲಿ ಈ ವಸ್ತು ಆ ಮೂಲದಿಂದ ಬಂದಿರುವ ಸಾಧ್ಯತೆ ಎಷ್ಟು ಎಂದು ಅಂಕ. ನರ್ಸರಿ ಕವರಿಗೆ ತೋಟದ ಕಾಲಮ್ಮಿನಲ್ಲಿ ಪೂರ್ತಿ ಅಂಕ, ನೀರಿನ ಬಾಟಲಿಗೆ ಟೂರಿಸ್ಟ್, ಅಂಗಡಿ, ಮನೆ, ಸಮಾರಂಭ ಎಲ್ಲಕ್ಕೂ ಸ್ವಲ್ಪ ಸ್ವಲ್ಪ. ಕೊನೆಗೆ ಕೂಡಿದರೆ ಪ್ರತಿ ಮೂಲದ ಪಾಲು ಬರುತ್ತದೆ. ಅಂಕ ಕೊಡುವಾಗ ಟೂರಿಸ್ಟ್ ಗೈಡ್, ತೋಟದ ರೈಟರ್ (ಲೆಕ್ಕ ಬರೆಯುವವರು), ಪಂಚಾಯಿತಿ ಕಸದ ಗಾಡಿಯವರು, ಅಂಗಡಿಯವರು ಎಲ್ಲರನ್ನೂ ಕೂರಿಸಿಕೊಳ್ಳಿ. ಒಬ್ಬರೇ ಕೊಟ್ಟರೆ ಅವರ ಅಭಿಪ್ರಾಯಕ್ಕೇ ಲೆಕ್ಕದ ಬಟ್ಟೆ ತೊಡಿಸಿದ ಹಾಗೆ ಆಗುತ್ತದೆ.

ನನಗೆ ಚಾರ್ಟ್‌ಗಿಂತ ಹೆಚ್ಚು ನಂಬಿಕೆ ಇರುವುದು ಇನ್ನೊಂದು ದಾರಿಯಲ್ಲಿ. ಕಸ ಯಾವಾಗ ಜಾಸ್ತಿಯಾಗುತ್ತದೆ, ಎಲ್ಲಿ ಜಾಸ್ತಿಯಾಗುತ್ತದೆ ಎಂದು ನೋಡುವುದು. ಟೂರಿಸ್ಟ್‌ಗಳದ್ದೇ ಎಂದಾದರೆ ಸೋಮವಾರದ ಎಣಿಕೆ ಶುಕ್ರವಾರಕ್ಕಿಂತ ಎದ್ದು ಕಾಣಬೇಕು. ದಸರಾ ರಜೆ, ಡಿಸೆಂಬರ್ ಕೊನೆಯ ವಾರ ಇನ್ನೂ ಜಾಸ್ತಿ ಇರಬೇಕು. ಪಾರ್ಕಿಂಗ್ ಹತ್ತಿರ ದಟ್ಟವಾಗಿದ್ದು ದೂರ ಹೋದಂತೆ ಕಡಿಮೆಯಾಗಬೇಕು. ಮನೆ ಕಸವಾದರೆ ವಾರವಿಡೀ ಹೆಚ್ಚು ಕಡಿಮೆ ಒಂದೇ ಸಮ, ಸಂತೆ ಮರುದಿನ ಸ್ವಲ್ಪ ಏರಿಕೆ. ದಡದ ಮೇಲೆ ಒಂದೇ ಕಡೆ ಗುಡ್ಡೆಯಾಗಿ ಬಿದ್ದಿರುತ್ತದೆ, ಚೀಲ ಕಟ್ಟಿ ಎಸೆದ ಗುರುತು ಇರುತ್ತದೆ. ಮೇಲಿನಿಂದ ತೇಲಿ ಬಂದದ್ದಾದರೆ ವಾರದ ದಿನಕ್ಕೂ ಅದಕ್ಕೂ ಸಂಬಂಧವಿಲ್ಲ, ಮಳೆಗೆ ಸಂಬಂಧ. ಹೊಳೆ ಏರಿ ಇಳಿದ ಮೇಲೆ ಒಂದೇ ಎತ್ತರದಲ್ಲಿ ಗೆರೆ ಎಳೆದ ಹಾಗೆ ಕೂತಿರುತ್ತದೆ. ಈ ಮೂರು ತರದ ಗುರುತುಗಳನ್ನು ಸುಮ್ನೆ ಮನಸ್ಸಿನಲ್ಲಿಟ್ಟುಕೊಂಡು ನಡೆದರೂ ಅರ್ಧ ಗೊತ್ತಾಗುತ್ತದೆ.

ಲೈನ್ ಮನೆಗಳ ಮಾತು ಬಂದಿದ್ದಕ್ಕೆ ಒಂದು ಮಾತು. ಗುಡ್ಡೆ ಸಿಕ್ಕಿದ ಕೂಡಲೇ ಅಲ್ಲಿಯ ಜನರನ್ನು ಬೈಯುವ ಮುಂಚೆ ಕಸದ ಗಾಡಿ ಆ ರಸ್ತೆಗೆ ಹೋಗುತ್ತದಾ ಎಂದು ಕೇಳಿ. ಗಾಡಿ ಮುಖ್ಯರಸ್ತೆಯಲ್ಲೇ ತಿರುಗಿ ಹೋದರೆ ಅವರು ಮಾಡುವುದಾದರೂ ಏನು? ಗಾಡಿ ಹೋಗುವ ದಾರಿಯನ್ನೂ ನಿಮ್ಮ ಗುಡ್ಡೆಗಳನ್ನೂ ಒಂದೇ ನಕ್ಷೆಯಲ್ಲಿ ಗುರುತು ಮಾಡಿ ನೋಡಿ. ಪಂಚಾಯಿತಿ ಸಭೆಗೆ ಹಿಡಿದುಕೊಂಡು ಹೋಗಲು ಅದಕ್ಕಿಂತ ಒಳ್ಳೆಯ ಕಾಗದ ಇಲ್ಲ.

ಮೇಲಿನಿಂದ ಬಂತು ಎನ್ನುವವರಿಗೆ ಉತ್ತರ ಸೇತುವೆ ಮೇಲೆ ಸಿಗುತ್ತದೆ. ಹೊಳೆಯ ತೇಲುವ ಪ್ಲಾಸ್ಟಿಕ್ ಅಳೆಯಲು ಜಗತ್ತಿನಲ್ಲಿ ಅನೇಕ ಕಡೆ ಹೀಗೇ ಮಾಡುತ್ತಾರೆ: ಸೇತುವೆಯ ಒಂದು ಬದಿ ನಿಂತು, ಕೆಳಗೆ ಕಾಣುವ ನೀರಿನ ಒಂದು ಪಟ್ಟಿಯನ್ನು ಆರಿಸಿ, ಗಡಿಯಾರ ನೋಡಿ ಇಷ್ಟು ನಿಮಿಷದಲ್ಲಿ ಎಷ್ಟು ತುಂಡು ಹೋಯಿತು ಎಂದು ಎಣಿಸುವುದು, ಆಮೇಲೆ ಪಕ್ಕದ ಪಟ್ಟಿಗೆ ಸರಿಯುವುದು. ಹೊಳೆಯ ಪೂರ್ತಿ ಅಗಲ ಮುಗಿದ ಮೇಲೆ ಕೂಡುವುದು. ನಮಗೆ ಬೇತ್ರಿ ಸೇತುವೆ ಇದೆ, ನೆಲ್ಲಿಹುದಿಕೇರಿ ಮತ್ತು ಸಿದ್ದಾಪುರದ ನಡುವಿನದ್ದು ಇದೆ, ಕುಶಾಲನಗರ ದಾಟುವಾಗ ಕೊಪ್ಪ ಸೇತುವೆ ಇದೆ. ಕೂಡಿಗೆಯಲ್ಲಿ ಹಾರಂಗಿ ಸೇರಿದ ಮೇಲೆ ಕಣಿವೆಯ ತೂಗುಸೇತುವೆ ಇದೆ, ಅದರ ಮೇಲೆ ಜನ ನಡೆಯುವಾಗ ಎಣಿಸುವುದು ಸ್ವಲ್ಪ ಫಜೀತಿ. ಸುಮ್ನೆ ಲೆಕ್ಕಕ್ಕೆ ಹೇಳುವುದಾದರೆ, ಒಂದೇ ದಿನ ಸಿದ್ದಾಪುರದಲ್ಲಿ ಹತ್ತು ನಿಮಿಷಕ್ಕೆ 6 ತುಂಡು, ಕೊಪ್ಪದಲ್ಲಿ 20 ತುಂಡು ಬಂದರೆ, ಆ 14 ನಡುವಿನ ಜಾಗದಲ್ಲಿ ಸೇರಿದೆ. ಕರಡಿಗೋಡು, ದುಬಾರೆ, ಗುಡ್ಡೆಹೊಸೂರು, ಕುಶಾಲನಗರದ ಚರಂಡಿಗಳು, ಇಷ್ಟರೊಳಗೆ ಹುಡುಕಿದರೆ ಸಾಕು. ಎರಡೂ ಕಡೆ ಒಂದೇ ಸಂಖ್ಯೆ ಬಂದರೆ ಮೇಲಿನವರದ್ದು ಎನ್ನುವವರ ಮಾತಿಗೆ ಬಲ ಬಂತು. ಒಂದು ದಿನದ ಲೆಕ್ಕ ನಂಬಬೇಡಿ. ಮಳೆ ಶುರುವಾದ ಮೊದಲ ವಾರ ಮೋರಿ, ತೋಡುಗಳಲ್ಲಿ ಬೇಸಿಗೆಯಿಡೀ ಕೂತಿದ್ದೆಲ್ಲ ಒಟ್ಟಿಗೆ ಇಳಿಯುತ್ತದೆ, ಜುಲೈ ಕೊನೆಗೆ ಅಷ್ಟೇ ನೀರು ಇದ್ದರೂ ಕಸ ಕಡಿಮೆ ಇರುತ್ತದೆ. ಪಕ್ಕದ ತೋಟದವರ ಮಳೆ ಪುಸ್ತಕ ಕೇಳಿ ತೆಗೆದುಕೊಂಡು ನಿಮ್ಮ ಎಣಿಕೆಯ ಪಕ್ಕ ಇಡಿ.

ಸೇತುವೆ ಎಣಿಕೆಗೆ ಒಂದು ದೊಡ್ಡ ಕೊರತೆ ಇದೆ. ಅದು ತೇಲುವುದನ್ನು ಮಾತ್ರ ನೋಡುತ್ತದೆ. ನೀರಿನ ಬಾಟಲಿ ಮಾಡುವ ಪೆಟ್ ಪ್ಲಾಸ್ಟಿಕ್ ನೀರಿಗಿಂತ ಭಾರ, ಅಷ್ಟೇ ಗಾತ್ರದ ನೀರಿನ 1.38 ಪಟ್ಟು. ಮುಚ್ಚಳ ಬಿಗಿಯಾಗಿದ್ದರೆ ಒಳಗಿನ ಗಾಳಿಯಿಂದ ಬಾಟಲಿ ತೇಲುತ್ತದೆ. ಮುಚ್ಚಳ ಇಲ್ಲದಿದ್ದರೆ ನೀರು ತುಂಬಿ ಮುಳುಗಿ ಮಡುವಿನಲ್ಲಿ ಕೂರುತ್ತದೆ. ಮುಚ್ಚಳ ಬೇರೆ ಜಾತಿಯ ಪ್ಲಾಸ್ಟಿಕ್, ನೀರಿಗಿಂತ ಹಗುರ, ಅದು ತೇಲಿಕೊಂಡು ಹೋಗುತ್ತದೆ. ಸಮುದ್ರ ತೀರದಲ್ಲಿ ಬಾಟಲಿಗಿಂತ ಮುಚ್ಚಳ ಜಾಸ್ತಿ ಸಿಗುವುದು ಇದಕ್ಕೇ. ಹಾಲಿನ ಪ್ಯಾಕೆಟ್, ಕವರು ತೇಲುತ್ತವೆ. ಪಿವಿಸಿ ಪೈಪಿನ ತುಂಡು ಬಿದ್ದಲ್ಲೇ ಮುಳುಗುತ್ತದೆ. ಆದ್ದರಿಂದ ಕೊಪ್ಪದಲ್ಲಿ ಬಾಟಲಿ ಕಡಿಮೆ ಕಂಡಿತು ಎಂದು ಖುಷಿಪಡುವ ಮೊದಲು ಏಪ್ರಿಲ್‌ನಲ್ಲಿ ಹೊಳೆ ಬತ್ತಿದಾಗ ಬಂಡೆಗಳ ನಡುವೆ ಒಮ್ಮೆ ನೋಡಿ.

ಇನ್ನು ಸಮುದ್ರ ಸೇರುತ್ತಾ ಎಂಬುದು. ಇದಕ್ಕೆ ನಿಮ್ಮ ಮನೆ ಘಟ್ಟದ ಯಾವ ಕಡೆ ಇದೆ ಎಂಬುದರ ಮೇಲೆ ಉತ್ತರ. ಕುಶಾಲನಗರದಲ್ಲಿ ಎಸೆದ ಬಾಟಲಿ ಇಡಿಯಾಗಿ, ಕಾವೇರಿ ಸಮುದ್ರ ಸೇರುವ ತಮಿಳುನಾಡಿನ ಪೂಂಪುಹಾರ್ ತಲುಪುವುದು ಕಷ್ಟ. ಕಾವೇರಿ 800 ಕಿಲೋಮೀಟರ್ ಉದ್ದ, ನಡುವೆ ಕೆಆರ್‌ಎಸ್ ಅಣೆಕಟ್ಟು ಇದೆ, ತಮಿಳುನಾಡಿನ ಮೆಟ್ಟೂರು, ಕಲ್ಲಣೆ ಅಣೆಕಟ್ಟುಗಳಿವೆ. ನಮ್ಮ ಕಸದಲ್ಲಿ ಬಹುಪಾಲು ಕೆಆರ್‌ಎಸ್ ಹಿನ್ನೀರಿನ ಕೆಸರಿಗೆ ಸೇರುತ್ತದೆ ಎಂದೇ ನನ್ನ ಲೆಕ್ಕಾಚಾರ. ಗೋಣಿಕೊಪ್ಪದ ಕೀರೆಹೊಳೆಗೆ ಬಿದ್ದದ್ದೂ ಲಕ್ಷ್ಮಣತೀರ್ಥದ ಮೂಲಕ ಅಲ್ಲಿಗೇ ಹೋಗುತ್ತದೆ.

ಪಡುವಣಕ್ಕೆ ಇಳಿಯುವ ಹೊಳೆಗಳ ಕತೆ ಬೇರೆ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಘಾಟಿಯಲ್ಲಿ ಕಾರಿನ ಕಿಟಕಿಯಿಂದ ಎಸೆದದ್ದು ತೋಡಿಗೆ ಬಿದ್ದು, ಪಯಸ್ವಿನಿ ಸೇರಿ, ಸುಳ್ಯ ದಾಟಿ, ಚಂದ್ರಗಿರಿ ಹೊಳೆಯಾಗಿ ಕಾಸರಗೋಡಿನ ಹತ್ತಿರ ಅರಬ್ಬಿ ಸಮುದ್ರಕ್ಕೆ ಬೀಳುತ್ತದೆ. ಪೂರ್ತಿ ದಾರಿ ಸುಮಾರು 105 ಕಿಲೋಮೀಟರ್, ದಾರಿಯಲ್ಲಿ ಕೆಆರ್‌ಎಸ್‌ನಂಥ ದೊಡ್ಡ ಅಣೆಕಟ್ಟು ಇಲ್ಲ. ಮಲ್ಲಳ್ಳಿಯ ಕುಮಾರಧಾರಾ ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರಿ ಮಂಗಳೂರಿಗೆ ಹೋಗುತ್ತದೆ. ಮಾಕುಟ್ಟ ಕಡೆಯ ಬಾರಾಪೊಳೆ ಕೇರಳದ ವಳಪಟ್ಟಣಂ ಹೊಳೆಗೆ. ಹಿಂದೆ, 2017ರಲ್ಲಿ, ಜಗತ್ತಿನ ಹತ್ತು ದೊಡ್ಡ ನದಿಗಳೇ ನದಿಗಳಿಂದ ಬರುವ ಪ್ಲಾಸ್ಟಿಕ್‌ನ ಬಹುಪಾಲನ್ನು ಸಮುದ್ರಕ್ಕೆ ತರುತ್ತವೆ ಎಂಬ ಲೆಕ್ಕ ಬಂದಿತ್ತು. 2021ರ ಲೆಕ್ಕ ಅದನ್ನು ಬದಲಿಸಿತು. ನದಿಗಳಿಂದ ಬರುವ ಪ್ಲಾಸ್ಟಿಕ್‌ನ ನೂರಕ್ಕೆ 80 ಪಾಲು ಬರುವುದು ಸಾವಿರಕ್ಕೂ ಹೆಚ್ಚು ನದಿಗಳಿಂದ, ಅದರಲ್ಲಿ ಊರುಗಳ ನಡುವೆ ಹರಿದು ಕಡಲಿಗೆ ಹತ್ತಿರವಿರುವ ಸಣ್ಣ ಹೊಳೆಗಳ ಪಾಲು ದೊಡ್ಡದು. ಎರಡು ಲೆಕ್ಕವೂ ಕಂಪ್ಯೂಟರ್ ಮಾದರಿಯಿಂದ ಹಾಕಿದ ಅಂದಾಜು, ಎಣಿಸಿದ್ದಲ್ಲ. ಆದರೂ ಎರಡನೆಯದ್ದೇ ನನಗೆ ಸರಿ ಕಾಣುತ್ತದೆ. ಹಾಗಾಗಿ ಕೊಡಗಿನಲ್ಲಿ ಸಮುದ್ರದ ದೃಷ್ಟಿಯಿಂದ ಒಂದೇ ಜಾಗ ಅಳೆಯಬೇಕು ಎಂದರೆ ನಾನು ಸಂಪಾಜೆ ಘಾಟಿಯ ಮೋರಿಗಳನ್ನು ಆರಿಸುತ್ತೇನೆ, ಕಾವೇರಿಯನ್ನಲ್ಲ.

ಬಾಟಲಿ ನಿಜಕ್ಕೂ ಎಷ್ಟು ದೂರ ಹೋಗುತ್ತದೆ ಎಂದು ನೋಡಿದವರಿದ್ದಾರೆ. ಗಂಗಾ ನದಿ ಮತ್ತು ಬಂಗಾಳ ಕೊಲ್ಲಿಯಲ್ಲಿ ಅರ್ಧ ಲೀಟರ್ ಬಾಟಲಿಗಳೊಳಗೆ ಜಿಪಿಎಸ್ ಇಟ್ಟು ಬಿಟ್ಟರು. ನದಿಯಲ್ಲಿ ಬಿಟ್ಟವು ಮೊಬೈಲ್ ನೆಟ್‌ವರ್ಕ್ ಮೂಲಕ, ಕಡಲಿನವು ಉಪಗ್ರಹದ ಮೂಲಕ ಜಾಗ ತಿಳಿಸುತ್ತಿದ್ದವು. ಎಲ್ಲಕ್ಕಿಂತ ದೂರ ಹೋದದ್ದು 94 ದಿನದಲ್ಲಿ 2,845 ಕಿಲೋಮೀಟರ್. ನದಿಯವು ಅಲ್ಲಲ್ಲಿ ಸಿಕ್ಕಿಹಾಕಿಕೊಂಡು, ನೀರು ಏರಿದಾಗ ಮತ್ತೆ ಹೊರಟು, ಹೀಗೆ ನಿಂತು ನಿಂತು ಹೋದವು. ನೀವು ಇದನ್ನು ಮಾಡಲು ಹೋಗಬೇಡಿ, ಕಸ ಅಳೆಯಲು ಹೊಳೆಗೆ ಹೊಸ ಕಸ ಹಾಕಿದ ಹಾಗಾಗುತ್ತದೆ, ಘಾಟಿಯಲ್ಲಿ ನೆಟ್‌ವರ್ಕೂ ಸಿಗುವುದಿಲ್ಲ.

ಕಡಲಿಗೆ ಬಿದ್ದ ಮೇಲೆ ಮೂಲ ಹುಡುಕುವುದು ಇನ್ನೂ ಕಷ್ಟ. ನಮ್ಮ ಪಶ್ಚಿಮ ಕರಾವಳಿಯುದ್ದಕ್ಕೂ ಸಮುದ್ರದ ನೀರು ಮಳೆಗಾಲದಲ್ಲಿ ತೆಂಕಣಕ್ಕೆ, ನವೆಂಬರ್‌ನಿಂದ ಫೆಬ್ರವರಿ ತನಕ ಬಡಗಣಕ್ಕೆ ಹರಿಯುತ್ತದೆ. ಉಳ್ಳಾಲದಲ್ಲಿ ಜುಲೈಯಲ್ಲಿ ಸಿಕ್ಕಿದ್ದು ಉಡುಪಿ ಕಡೆಯದ್ದಿರಬಹುದು, ಡಿಸೆಂಬರ್‌ನಲ್ಲಿ ಸಿಕ್ಕಿದ್ದು ಕೇರಳದ ಕಡೆಯದ್ದು, ಅಂದರೆ ಚಂದ್ರಗಿರಿಯಿಂದ ಇಳಿದ ನಮ್ಮದೂ ಇರಬಹುದು. ಎಲ್ಲಾ ಹೊಳೆಯಿಂದಲೇ ಬರುವುದೂ ಇಲ್ಲ. 2025ರ ಮೇ 25ರಂದು ಕೊಚ್ಚಿ ಬಳಿ ಎಂಎಸ್‌ಸಿ ಎಲ್ಸಾ 3 ಹಡಗು ಮುಳುಗಿದ ಮೇಲೆ ಕೇರಳದ ತೀರಕ್ಕೆ ಬಂದ ಬಿಳಿ ಪ್ಲಾಸ್ಟಿಕ್ ಕಾಳುಗಳಿಗೆ ಮೂಲ ಹುಡುಕುವ ಕಷ್ಟವೇ ಇರಲಿಲ್ಲ.

ಮೈಕ್ರೋಪ್ಲಾಸ್ಟಿಕ್ ಬಗ್ಗೆ ಯಾರಾದರೂ ಕೇಳಿಯೇ ಕೇಳುತ್ತಾರೆ. 5 ಮಿಲಿಮೀಟರ್‌ಗಿಂತ ಸಣ್ಣದು. ಉಪ್ಪುನೀರಿನಲ್ಲಿ ಮರಳು ಕದಡಿ ತೇಲಿದ್ದನ್ನು ಸೋಸಬಹುದು, ಆದರೆ ಅದು ಪ್ಲಾಸ್ಟಿಕ್ಕೋ ನಿಮ್ಮ ಅಂಗಿಯ ನೂಲೋ ಎಂದು ಹೇಳಲು ಲ್ಯಾಬ್ ಬೇಕು. ಮೂಲವಂತೂ ಅದರಿಂದ ಸಿಗುವುದಿಲ್ಲ. ಈಗ ಅದರ ಹಿಂದೆ ಬೀಳಬೇಡಿ.

ಶುರು ಮಾಡುವುದಾದರೆ ಮೇ ತಿಂಗಳಲ್ಲಿ, ಮಳೆಗೆ ಮುಂಚೆ. ಎರಡು ಜಾಗ ಸಾಕು, ಒಂದು ಜನ ಹೋಗುವ ಕಡೆ, ಇನ್ನೊಂದು ಯಾರೂ ಹೋಗದ ಕಡೆ. ಮೊದಲ ಎಣಿಕೆ ಮುಗಿಸಿ ಪೂರ್ತಿ ಕ್ಲೀನ್ ಮಾಡಿ, ಜೂನ್ ಬರುವುದರೊಳಗೆ ಒಂದೆರಡು ಸಲ ಹದಿನೈದು ದಿನದ ಎಣಿಕೆ ಮಾಡಿಕೊಳ್ಳಿ. ಜೂನ್‌ನಿಂದ ಆಗಸ್ಟ್ ತನಕ ದಡಕ್ಕೆ ಇಳಿಯಲೇಬೇಡಿ, ಸೇತುವೆ ಮೇಲಿನಿಂದ ಮಾತ್ರ. ತುಲಾ ಸಂಕ್ರಮಣದ ಹೊತ್ತಿಗೆ ನೀರು ಇಳಿದಿರುತ್ತದೆ, ಆಗ ದಡದ ದೊಡ್ಡ ಎಣಿಕೆ ಇನ್ನೊಮ್ಮೆ. ಆಮೇಲೆ ಡಿಸೆಂಬರ್ ರಜೆ ಮುಗಿದ ಮೇಲೆ, ಕಾಫಿ ಕೊಯ್ಲಿನ ನಡುವೆ ಪುರುಸೊತ್ತು ಮಾಡಿಕೊಂಡು ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ. ಸೂಜಿ, ಒಡೆದ ಗಾಜು ಸಿಕ್ಕಿದರೆ ಕೈ ಹಾಕದೆ ಇಕ್ಕಳದಲ್ಲಿ ಎತ್ತಿ ಬೇರೆ ಡಬ್ಬಕ್ಕೆ ಹಾಕಿ. ದುಬಾರೆ ಕಡೆಯ ಜಾಗ ಆರಿಸಿದರೆ ಬೆಳಿಗ್ಗೆ ಎಂಟರ ನಂತರ ಹೋಗಿ ಸಂಜೆ ನಾಲ್ಕರೊಳಗೆ ಮೇಲೆ ಬನ್ನಿ. ಆನೆ ದಾರಿಯಲ್ಲಿ 100 ಮೀಟರ್ ಟೇಪು ಹಿಡಿದುಕೊಂಡು ಓಡುವುದು ಕಷ್ಟ.